ಮಗು ಮೈ ಹಿಡಿಯುತ್ತಿಲ್ಲವೇ? ತೂಕ ಮತ್ತು ಬೆಳವಣಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಸಿಕೆ ದಿನದಂದು ತೂಕದ ಯಂತ್ರದ ಪಕ್ಕದಲ್ಲಿ ಕೂರುವವರಿಗೆ ಬರುವ ಪ್ರಶ್ನೆಗಳು ಇವು. ಕೆಲವನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು, ಕೆಲವು ರಾತ್ರಿ ಹನ್ನೊಂದರ ಮೇಲೆ ಮೊಬೈಲಿಗೆ ಬಂದವು, ಉಳಿದವನ್ನು ಅತ್ತೆ ಆಚೆ ಹೋದಾಗ ದನಿ ತಗ್ಗಿಸಿ ಕೇಳಿದರು. ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಮಗುವನ್ನು ಮುಟ್ಟಿ ನೋಡುವ ವೈದ್ಯರ ಬದಲಿಗೆ ಈ ಬರಹವನ್ನು ನಂಬಿಕೊಳ್ಳಬೇಡಿ.

## ಹುಟ್ಟಿದ ಮೊದಲ ವಾರಗಳು

ಹುಟ್ಟಿದಾಗ 3 ಕೆಜಿ ಇತ್ತು, ನಾಲ್ಕನೇ ದಿನ ಮನೆಗೆ ಕಳುಹಿಸುವಾಗ 2.8. ಆಸ್ಪತ್ರೆಯಲ್ಲಿಯೇ ಮಗು ಇಳಿದುಹೋಯಿತಲ್ಲ?

ಬಹುಪಾಲು ಮಕ್ಕಳು ಇಳಿಯುತ್ತಾರೆ. ಹುಟ್ಟುವಾಗ ಮೈಯಲ್ಲಿ ಹೆಚ್ಚಿನ ನೀರಿರುತ್ತದೆ. ಮೊದಲ ಮೂರು ನಾಲ್ಕು ದಿನಗಳಲ್ಲಿ ಅದು ಮೂತ್ರವಾಗಿ ಹೋಗುತ್ತದೆ, ಕರುಳಿನಲ್ಲಿದ್ದ ಕಪ್ಪು ಮಲವೂ ಹೊರಬೀಳುತ್ತದೆ. ಅದೇ ದಿನಗಳಲ್ಲಿ ತಾಯಿಗೆ ಬರುವುದು ಚಮಚದ ಲೆಕ್ಕದ ಗಿಣ್ಣುಹಾಲು. ಅಳತೆಯಲ್ಲಿ ಸ್ವಲ್ಪವೇ ಆದರೂ ಮಗುವಿಗೆ ಆಗ ಬೇಕಾದದ್ದು ಅದೇ, ಹಿಂಡಿ ಚೆಲ್ಲಬೇಡಿ. ಹುಟ್ಟಿದ ತೂಕದಲ್ಲಿ ಶೇ 7ರಿಂದ 10ರವರೆಗೆ ಇಳಿಯಬಹುದು, ಅಂದರೆ 3 ಕೆಜಿಯ ಮಗು 2.7ರವರೆಗೆ ಬರಬಹುದು. ಹತ್ತರಿಂದ ಹದಿನಾಲ್ಕು ದಿನಗಳ ಒಳಗೆ ಕಳೆದುಕೊಂಡದ್ದನ್ನು ಮರಳಿ ಪಡೆಯಬೇಕು. ಎರಡು ವಾರ ತುಂಬಿದರೂ ಹುಟ್ಟಿದ ತೂಕಕ್ಕೆ ಬಾರದಿದ್ದರೆ ಅಥವಾ ಶೇ 10ಕ್ಕಿಂತ ಹೆಚ್ಚು ಇಳಿದಿದ್ದರೆ ಕಾಯಬೇಡಿ, ಅಂದೇ ತೋರಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಬಂದು ಮಗುವನ್ನು ನೋಡಬೇಕೆಂಬ ನಿಯಮವಿದೆ. ಅವರು ಬರದಿದ್ದರೆ ನೀವೇ ಕರೆಸಿಕೊಳ್ಳಿ. ಅದು ನಿಮ್ಮ ಹಕ್ಕು.

ದಿನಕ್ಕೆ ಎಷ್ಟು ಏರಬೇಕು? ಒಂದು ಲೆಕ್ಕ ಹೇಳಿಬಿಡಿ.

ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ, ಅಂದರೆ ತಿಂಗಳಿಗೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಹೆಚ್ಚು. ಮೂರರಿಂದ ಆರು ತಿಂಗಳವರೆಗೆ ಅದು ತಿಂಗಳಿಗೆ ಅರ್ಧ ಕೆಜಿಗೆ ಇಳಿಯುತ್ತದೆ. ಆಮೇಲೆ ಇನ್ನೂ ನಿಧಾನ: ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ತಿಂಗಳಿಗೆ ಕಾಲು ಕೆಜಿ ಏರಿದರೂ ಸಹಜವೇ. ಸ್ಥೂಲವಾಗಿ ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು, ಎರಡು ವರ್ಷಕ್ಕೆ ನಾಲ್ಕರಷ್ಟು. ಇದು ಸರಾಸರಿ ಎಂಬುದನ್ನು ಮರೆಯಬೇಡಿ. ದಿನ ದಿನವೂ ತೂಗಿದರೆ ಒಂದು ದಿನ 60 ಗ್ರಾಂ ಏರಿ, ಮರುದಿನ ಒಂದಿಷ್ಟು ಇಳಿದಂತೆ ಕಂಡು, ನಿಮ್ಮ ನಿದ್ದೆ ಕೆಡುತ್ತದೆ.

ಎದೆ ಮೊದಲಿನಂತೆ ಬಿಗಿಯುವುದೇ ಇಲ್ಲ. ಹಾಲು ಸಾಕಾಗುತ್ತಿದೆಯೆಂದು ತಿಳಿಯುವುದು ಹೇಗೆ?

ಹೆರಿಗೆಯಾದ ಒಂದೂವರೆ ಎರಡು ತಿಂಗಳ ನಂತರ ಎದೆ ಮೆತ್ತಗಾಗುತ್ತದೆ. ಮಗುವಿಗೆ ಎಷ್ಟು ಬೇಕೋ ಅಷ್ಟೇ ಹಾಲು ತಯಾರಾಗುವ ಹದ ಬಂದಿದೆ ಎಂದು ಅದರರ್ಥ. ಎದೆ ಬಿಗಿಯುವುದು, ಹಾಲು ತೊಟ್ಟಿಕ್ಕುವುದು, ಪಂಪಿನಲ್ಲಿ ಹಿಂಡಿದಾಗ ಎಷ್ಟು ಬಂತು ಎಂಬುದು, ಇವು ಯಾವುವೂ ಅಳತೆಗೋಲಲ್ಲ. ಮಗುವನ್ನೇ ನೋಡಿ. ಐದನೇ ದಿನದ ನಂತರ ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ಸಲವಾದರೂ ತಿಳಿಬಣ್ಣದ ಮೂತ್ರ ಮಾಡಬೇಕು. ಡಯಪರ್ ಹಾಕಿದರೆ ಈ ಲೆಕ್ಕ ಸಿಗುವುದಿಲ್ಲ. ಅನುಮಾನವಿದ್ದರೆ ಒಂದು ದಿನ ಹಳೆಯ ಪಂಚೆಯ ಬಟ್ಟೆ ಕಟ್ಟಿ ಎಣಿಸಿ. ನಾಲ್ಕೈದು ದಿನಗಳ ಹೊತ್ತಿಗೆ ಕಪ್ಪು ಮಲ ಹೋಗಿ ಹಳದಿಯಾಗಿರಬೇಕು. ಕುಡಿಯುವಾಗ ಮೊದಲು ಚುರುಕಾಗಿ ಚೀಪಿ, ಆಮೇಲೆ ನಿಧಾನಕ್ಕೆ ಆಳವಾಗಿ ಎಳೆಯುತ್ತಾ ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಬೇಕು. ಕುಡಿದ ಮೇಲೆ ಬಿಗಿ ಹಿಡಿದಿದ್ದ ಮುಷ್ಟಿ ಸಡಿಲವಾಗುತ್ತದೆ. ಇಷ್ಟು ಇದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ. ಸಂಜೆ ಐದರಿಂದ ಎಂಟರವರೆಗೆ ಮಗು ಅತ್ತರೆ ಹಾಲು ಸಾಲದು ಎಂಬ ತೀರ್ಪನ್ನು ಮೊದಲು ಕೊಡುವವರು ಮಗು ನೋಡಲು ಬಂದ ನೆಂಟರು. ಅವರು ಕಾಫಿ ಕುಡಿದು ಹೊರಡುತ್ತಾರೆ, ಡಬ್ಬಿ ಹಾಲಿನ ಖರ್ಚು ನಿಮ್ಮ ಪಾಲಿಗೆ ಉಳಿಯುತ್ತದೆ.

ಅಂಗನವಾಡಿಯಲ್ಲಿ 6.2 ಎಂದರು, ಮೂರು ದಿನ ಬಿಟ್ಟು ಆಸ್ಪತ್ರೆಯಲ್ಲಿ 5.9. ಮೂರು ದಿನದಲ್ಲಿ 300 ಗ್ರಾಂ ಕರಗಿತೇ?

ಯಂತ್ರ ಬೇರೆ, ಬಟ್ಟೆ ಬೇರೆ, ಹೊತ್ತು ಬೇರೆ. ಆಗಷ್ಟೇ ಹಾಲು ಕುಡಿದ ಮಗು ಹಸಿದ ಮಗುವಿಗಿಂತ ನೂರು ಗ್ರಾಂನಷ್ಟು ಹೆಚ್ಚು ತೂಗಬಹುದು. ನೆನೆದ ಡಯಪರ್ ಒಂದೇ ಇನ್ನೂರು ಗ್ರಾಂ ಮುಟ್ಟುತ್ತದೆ. ಚಳಿಗಾಲದಲ್ಲಿ ಉಲ್ಲನ್ ಟೋಪಿ, ಸ್ವೆಟರ್, ಸೊಂಟದ ಉಡಿದಾರ, ಕಾಲ್ಗೆಜ್ಜೆ ಸಮೇತ ತಕ್ಕಡಿಗೆ ಬರುವ ಮಕ್ಕಳೂ ಇದ್ದಾರೆ. ನೇತು ಹಾಕುವ ತಕ್ಕಡಿಯಲ್ಲಿ ಮಗು ಒದ್ದಾಡಿದರೆ ಮುಳ್ಳು ನಿಲ್ಲುವುದೇ ಇಲ್ಲ, ತೂಗುವವರು ಅಂದಾಜಿಗೆ ಬರೆಯುತ್ತಾರೆ. ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಕಡೆ, ಒಂದೇ ಯಂತ್ರದಲ್ಲಿ, ಡಯಪರ್ ತೆಗೆದು, ಖಾಲಿ ಯಂತ್ರ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ ತೂಗಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು. ಮಗುವನ್ನು ಎತ್ತಿಕೊಂಡು ಮನೆಯ ಯಂತ್ರದ ಮೇಲೆ ನಿಂತು ತಮ್ಮ ತೂಕ ಕಳೆಯುವವರ ಲೆಕ್ಕವನ್ನು ನಾನು ಮಗುವಿನ ತೂಕ, ಲಸಿಕೆ ಗುರುತು ಹಾಕುವ ತಾಯಿ ಕಾರ್ಡಿನಲ್ಲಿ ಬರೆಯುವುದಿಲ್ಲ.

## ತಾಯಿ ಕಾರ್ಡಿನ ಗೆರೆಗಳು

ಕಾರ್ಡಿನಲ್ಲಿ ಚುಕ್ಕೆ ಇಟ್ಟು ಕೊಡುತ್ತಾರೆ, ಯಾರೂ ಏನೂ ಹೇಳುವುದಿಲ್ಲ. ಅದನ್ನು ನಾವೇ ಓದುವುದು ಹೇಗೆ?

ಗಂಡು ಮಗುವಿಗೆ ಒಂದು, ಹೆಣ್ಣು ಮಗುವಿಗೆ ಒಂದು ಎಂದು ಎರಡು ಪ್ರತ್ಯೇಕ ನಕ್ಷೆಗಳಿರುತ್ತವೆ. ನಿಮ್ಮದರಲ್ಲಿಯೇ ಗುರುತು ಹಾಕಿದ್ದಾರೆಯೇ ಎಂದು ಮೊದಲು ನೋಡಿ, ತಪ್ಪುವುದುಂಟು. ಅಡ್ಡಲಾಗಿ ವಯಸ್ಸಿನ ತಿಂಗಳು, ಉದ್ದಕ್ಕೆ ತೂಕದ ಕೆಜಿ. ಹಸಿರು ಪಟ್ಟಿ ಸಹಜ. ಅದರ ಕೆಳಗಿನ ಹಳದಿ ಎಂದರೆ ವಯಸ್ಸಿಗೆ ತಕ್ಕ ತೂಕವಿಲ್ಲ, ಕಿತ್ತಳೆ ಎಂದರೆ ತೀರಾ ಕಡಿಮೆ.

ಒಂದು ಚುಕ್ಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೂರು ತಿಂಗಳ ಮೂರು ಚುಕ್ಕೆಗಳನ್ನು ಸೇರಿಸಿ ಎಳೆದ ಗೆರೆಯನ್ನು ನೋಡಿ. ಆ ಗೆರೆ ಮುದ್ರಿತ ಗೆರೆಗಳಿಗೆ ಸಮಾನಾಂತರವಾಗಿ ಮೇಲಕ್ಕೆ ಹೋಗುತ್ತಿದ್ದರೆ, ಹಸಿರಿನ ತಳಭಾಗದಲ್ಲಿದ್ದರೂ ಮಗು ತನ್ನ ದಾರಿಯಲ್ಲಿ ಬೆಳೆಯುತ್ತಿದೆ. ಗೆರೆ ಮಲಗಿದರೆ, ಅಂದರೆ ಎರಡು ಮೂರು ತಿಂಗಳು ತೂಕ ನಿಂತಲ್ಲೇ ನಿಂತರೆ, ಇನ್ನೂ ಹಸಿರಿನಲ್ಲಿಯೇ ಇದ್ದರೂ ಕೇಳಬೇಕು. ಹಸಿರಿನ ನಡುವೆ ಇದ್ದು ಕೆಳಗೆ ಜಾರುತ್ತಿರುವ ಮಗುವಿನ ಬಗ್ಗೆ ನನಗೆ ಹೆಚ್ಚು ಆತಂಕ. ಹಳದಿಯ ಅಂಚಿನಲ್ಲಿದ್ದು ತಿಂಗಳು ತಿಂಗಳೂ ಏರುತ್ತಿರುವ ಮಗುವಿನ ಬಗ್ಗೆ ಅಷ್ಟಿಲ್ಲ. ಗಾಬರಿಯಾಗಿ ಬರುವವರು ಮಾತ್ರ ಸಾಮಾನ್ಯವಾಗಿ ಈ ಹಳದಿ ಅಂಚಿನ ಮಗುವಿನ ಮನೆಯವರು.

ಆ ಪಟ್ಟಿ ಹೊರದೇಶದ ಮಕ್ಕಳದ್ದಲ್ಲವೇ? ನಮ್ಮ ಮಕ್ಕಳಿಗೆ ಹೊಂದುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ, ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಈ ಮಾನದಂಡವನ್ನು ಪ್ರಕಟಿಸಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು ಕುಡಿದ, ತಾಯಿ ಬೀಡಿ ಸಿಗರೇಟು ಸೇದದ, ಹೊಟ್ಟೆಗೆ ಕೊರತೆಯಿಲ್ಲದ ಮನೆಗಳ ಮಕ್ಕಳನ್ನೇ ಆರಿಸಿದ್ದರು. ಅಂಥ ಮನೆಗಳಲ್ಲಿ ಆರೂ ದೇಶಗಳ ಮಕ್ಕಳ ಉದ್ದ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದದ್ದು ಕಂಡುಬಂತು. ಹಾಗಾಗಿ ‘ನಮ್ಮ ಕಡೆಯ ಮಕ್ಕಳು ಹೀಗೆಯೇ’ ಎಂದು ಸುಮ್ಮನಾಗುವುದು ಸರಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 32.9ರಷ್ಟು ತೂಕ ಕಡಿಮೆ ಇರುವವರು. ಇಷ್ಟು ಮಕ್ಕಳು ಹೀಗಿರುವುದರಿಂದಲೇ ಅದು ನಮ್ಮ ಕಣ್ಣಿಗೆ ಸಹಜವಾಗಿ ಕಾಣುತ್ತದೆ.

ಆರು ತಿಂಗಳಿಗೆ, ವರ್ಷಕ್ಕೆ ಎಷ್ಟಿರಬೇಕು?

ಮಧ್ಯದ ಗೆರೆಯ ಪ್ರಕಾರ ಆರು ತಿಂಗಳ ಗಂಡು ಮಗು 7.9 ಕೆಜಿ, ಹೆಣ್ಣು ಮಗು 7.3 ಕೆಜಿ. ವರ್ಷಕ್ಕೆ 9.6 ಮತ್ತು 8.9. ಎರಡು ವರ್ಷಕ್ಕೆ 12.2 ಮತ್ತು 11.5. ನೂರು ಆರೋಗ್ಯವಂತ ಮಕ್ಕಳಲ್ಲಿ ಐವತ್ತು ಮಕ್ಕಳು ಇದಕ್ಕಿಂತ ಕಡಿಮೆ ಇರುತ್ತಾರೆ. ಹಸಿರು ಮುಗಿಯುವುದು ಆರು ತಿಂಗಳ ಗಂಡು ಮಗುವಿಗೆ 6.4ರಲ್ಲಿ, ಹೆಣ್ಣು ಮಗುವಿಗೆ 5.7ರಲ್ಲಿ, ವರ್ಷಕ್ಕೆ 7.7 ಮತ್ತು 7.0.

ನಾವಿಬ್ಬರೂ ಸಣ್ಣಕ್ಕೇ ಇದ್ದೇವೆ. ಪಕ್ಕದ ಮನೆಯ ಮಗು ನಮ್ಮದಕ್ಕಿಂತ ಒಂದೂವರೆ ಕೆಜಿ ಹೆಚ್ಚು ಎಂದು ಏಕೆ ಹೋಲಿಸುತ್ತಾರೆ?

ಹೋಲಿಸುವವರು ಹೋಲಿಸುತ್ತಲೇ ಇರುತ್ತಾರೆ. ತಂದೆತಾಯಿಯ ಮೈಕಟ್ಟು ಮಗುವಿಗೂ ಬರುತ್ತದೆ ಎಂಬುದು ನಿಜ. ದೊಡ್ಡದಾಗಿ ಹುಟ್ಟಿದ ಕೆಲವು ಮಕ್ಕಳು ಮೊದಲ ವರ್ಷದಲ್ಲಿ ತಮ್ಮ ವಂಶದ ಗೆರೆಗೆ ನಿಧಾನವಾಗಿ ಇಳಿದು ನಿಲ್ಲುವುದೂ ಉಂಟು. ಆದರೆ ತೂಕದ ಜೊತೆಗೆ ಉದ್ದ ಮತ್ತು ತಲೆಯ ಸುತ್ತಳತೆ ನೋಡದೆ ಹಾಗೆ ತೀರ್ಮಾನಿಸಬೇಡಿ. ಹುಟ್ಟುವಾಗ ಸುಮಾರು 50 ಸೆಂ.ಮೀ. ಇದ್ದ ಮಗು ವರ್ಷಕ್ಕೆ 75ರ ಹತ್ತಿರ ಬರುತ್ತದೆ. 34ರ ಆಸುಪಾಸಿನಲ್ಲಿದ್ದ ತಲೆ 45-46 ಆಗುತ್ತದೆ. ಊಟ ಕಡಿಮೆಯಾದರೆ ಮೊದಲು ತೂಕ, ಆಮೇಲೆ ಉದ್ದ, ಕೊನೆಗೆ ತಲೆ ಹಿಂದೆ ಬೀಳುತ್ತವೆ. ಮೂರೂ ಒಟ್ಟಿಗೆ ಚಿಕ್ಕದಾಗಿದ್ದರೆ ಹುಡುಕಬೇಕಾದ ಕಾರಣ ಬೇರೆ. ಲಸಿಕೆಗೆ ಬಂದಾಗ ಈ ಎರಡು ಅಳತೆಯನ್ನೂ ಬರೆಸಿಕೊಳ್ಳಿ. ಕೇಳದಿದ್ದರೆ ಬಹಳ ಕಡೆ ತೆಗೆಯುವುದಿಲ್ಲ.

## ಎದೆಹಾಲು, ಡಬ್ಬಿ, ಮನೆಮದ್ದು

ತೂಕ ಕಡಿಮೆ ಎಂದರು. ಡಬ್ಬಿ ಹಾಲು ಶುರು ಮಾಡಲೇ?

ಮೊದಲು ಒಂದು ಸಲ ಯಾರಾದರೂ ತಿಳಿದವರ ಎದುರು ಪೂರ್ತಿ ಹಾಲುಣಿಸಿ ತೋರಿಸಿ. ತೂಕ ಏರದಿರುವುದಕ್ಕೆ ನಾನು ಕಾಣುವ ಅತಿ ಸಾಮಾನ್ಯ ಕಾರಣ ಮಗು ಎದೆಯನ್ನು ಸರಿಯಾಗಿ ಹಿಡಿಯದಿರುವುದು. ಬರೀ ತೊಟ್ಟನ್ನು ಹಿಡಿದರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ತುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಮಗುವಿನ ಮೂತಿಯಷ್ಟೇ ಅಲ್ಲ, ಹೊಟ್ಟೆಯೂ ತಾಯಿಯ ಹೊಟ್ಟೆಗೆ ಎದುರಾಗಿರಬೇಕು. ಕತ್ತು ತಿರುಚಿಕೊಂಡು ಯಾರಿಗೆ ನುಂಗಲು ಬರುತ್ತದೆ?

ಎರಡನೆಯ ಕಾರಣ ಗಡಿಯಾರ. ಐದು ನಿಮಿಷ ಈ ಕಡೆ, ಐದು ನಿಮಿಷ ಆ ಕಡೆ ಎಂದು ಬದಲಿಸಿದರೆ ಕೊನೆಯಲ್ಲಿ ಬರುವ ಕೊಬ್ಬಿನಂಶದ ಹಾಲು ಸಿಗುವುದಿಲ್ಲ. ಒಂದು ಕಡೆ ಮಗುವೇ ಬಿಡುವವರೆಗೆ ಕುಡಿಯಲಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ, ಅದರಲ್ಲಿ ರಾತ್ರಿಯೂ ಸೇರಿರಬೇಕು. ಹಾಲು ತರಿಸುವ ಹಾರ್ಮೋನು ರಾತ್ರಿ ಕುಡಿಸಿದಾಗ ಹೆಚ್ಚು. ಕಾಮಾಲೆಯಿರುವ, ಕಡಿಮೆ ತೂಕದ ಕೂಸುಗಳು ಹಸಿದರೂ ಏಳದೆ ಮಲಗಿರುತ್ತವೆ; ಅವನ್ನು ಎರಡು ಎರಡೂವರೆ ಗಂಟೆಗೊಮ್ಮೆ ಎಬ್ಬಿಸಿ ಕುಡಿಸಬೇಕು.

ಇಷ್ಟನ್ನೂ ಸರಿಪಡಿಸಿ ಒಂದು ವಾರ ನೋಡಿದರೆ ಬಹಳ ಮಕ್ಕಳ ಗೆರೆ ಏಳುತ್ತದೆ. ಆಮೇಲೂ ಬೇಕಾದರೆ ವೈದ್ಯರೇ ಹೇಳುತ್ತಾರೆ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆಗ ಡಬ್ಬಿಯ ಮೇಲಿನ ಅಳತೆಯನ್ನು ಅಕ್ಷರಶಃ ಪಾಲಿಸಿ. ಬಹುಪಾಲು ಡಬ್ಬಿಗಳಲ್ಲಿ 30 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಒಂದು ಸಮತಟ್ಟು ಅಳತೆ ಚಮಚ. ದುಡ್ಡು ಉಳಿಸಲು ಅರ್ಧ ಚಮಚ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬಾಟಲಿಗಿಂತ ಒಳಲೆ ಅಥವಾ ಲೋಟ ಮೇಲು, ತೊಳೆದು ಕುದಿಸುವುದು ಸುಲಭ. ಅಂದ ಹಾಗೆ, 1992ರ ಕಾಯ್ದೆಯ ಪ್ರಕಾರ ಶಿಶು ಹಾಲಿನ ಪುಡಿಗೆ ಈ ದೇಶದಲ್ಲಿ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಉಚಿತ ಡಬ್ಬಿ ಹಂಚುವಂತೆಯೂ ಇಲ್ಲ.

ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕೊಡುತ್ತಿದ್ದೇವೆ. ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದ್ದು ಎನ್ನುತ್ತಾರೆ ಅಜ್ಜಿ.

ಅಜ್ಜಿಯ ಮಾತಿಗೆ ಎದುರಾಡಲು ಕಷ್ಟ, ಲೆಕ್ಕ ತೋರಿಸಿ. ನೂರು ಮಿ.ಲೀ. ಎದೆಹಾಲಿನಲ್ಲಿ ಸುಮಾರು 65 ಕ್ಯಾಲೊರಿ. ಹಸುವಿನ ಹಾಲಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಅರ್ಧ ನೀರು ಬೆರೆತರೆ ಮೂವತ್ತಮೂರು. ಬೆರೆಸದೆ ಕೊಟ್ಟರೆ ಅದರ ಪ್ರೊಟೀನು, ಲವಣ ಎಳೆಯ ಮೂತ್ರಪಿಂಡಕ್ಕೆ ಹೊರೆ, ಕಬ್ಬಿಣದ ಅಂಶ ಬಹಳ ಕಡಿಮೆ. ವರ್ಷ ತುಂಬುವವರೆಗೆ ಅದನ್ನು ಕುಡಿಯುವ ಮುಖ್ಯ ಹಾಲಾಗಿ ಬಳಸಬೇಡಿ.

ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ತರಕಾರಿ ತಂಪು ಎನ್ನುತ್ತಾರೆ. ಅದರಿಂದ ಹಾಲು ಕಡಿಮೆಯಾಗುತ್ತದೆಯೇ?

ಬಾಯಾರಿದಾಗ ನೀರು ಕುಡಿಯಲೇಬೇಕು. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೊಬ್ಬರಿ, ಅಂಟಿನುಂಡೆ, ಇವೆಲ್ಲ ಒಳ್ಳೆಯ ಊಟ. ಅದನ್ನು ಬಿಡಿಸಬೇಡಿ, ಅದರ ಜೊತೆಗೆ ಬೇಳೆ, ಮೊಟ್ಟೆ, ಹಾಲು, ತರಕಾರಿ ಸೇರಿಸಿ. ಹಾಲುಣಿಸುವ ತಾಯಿಗೆ ದಿನಕ್ಕೆ ಒಂದು ಹೊತ್ತಿನ ಊಟದಷ್ಟು ಹೆಚ್ಚಿಗೆ ಬೇಕು. ಹಾಲಿನ ಪ್ರಮಾಣ ತಾಯಿ ತಿಂದದ್ದಕ್ಕಿಂತ ಮಗು ಎಷ್ಟು ಸಲ ಕುಡಿಯಿತು ಎಂಬುದರ ಮೇಲೆ ನಿಂತಿದೆ. ಆದರೆ ಬರೀ ಅನ್ನ ಸಾರಿನಲ್ಲಿ ಮೂರು ತಿಂಗಳು ಕಳೆದರೆ ಸೋಲುವುದು ತಾಯಿಯ ಮೈ, ಜೊತೆಗೆ ಹಾಲಿನ ಕೆಲವು ಜೀವಸತ್ವಗಳು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ 2017ರಿಂದ ಬಾಣಂತಿಯರಿಗೂ ಇದೆ.

ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸಿದರೆ ಮೈ ಹಿಡಿಯುತ್ತದಂತೆ. ಗ್ರೈಪ್ ವಾಟರ್? ಜೇನು?

ಆರು ತಿಂಗಳವರೆಗೆ ಎದೆಹಾಲಿನ ಹೊರತು ಏನೂ ಬೇಡ, ನೀರೂ ಬೇಡ. ತೇಯುವ ಕಲ್ಲು, ಬೆರಳು, ನೀರು ಮೂರರಿಂದಲೂ ಭೇದಿ ಹಿಡಿಯಬಹುದು. ಜಾಯಿಕಾಯಿ ಸ್ವಲ್ಪ ಹೆಚ್ಚಾದರೆ ಮಗು ಮಂಪರಿನಲ್ಲಿರುತ್ತದೆ. ಮಲಗಿದ ಮಗು ಹಾಲು ಕುಡಿಯುವುದಿಲ್ಲ, ಮನೆಯವರು ಮಾತ್ರ ಮದ್ದು ಹಿಡಿಯಿತು ಎಂದುಕೊಳ್ಳುತ್ತಾರೆ. ಜೇನುತುಪ್ಪವನ್ನು ವರ್ಷದೊಳಗೆ ಕೊಡಲೇಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ವಿಷ ಶಿಶುವಿನ ನರಗಳಿಗೆ ಅಪಾಯ. ಗ್ರೈಪ್ ವಾಟರಿನಿಂದ ತೂಕ ಏರುವುದಿಲ್ಲ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಮೆಣಸಿನಕಾಯಿ ಸುಟ್ಟ ಹೊಗೆ ಮಗುವಿನ ಮೂಗಿಗೆ ಹೋಗದಿರಲಿ. ತೆಗೆದ ಮರುದಿನ ತೂಗಿಸಲು ಬನ್ನಿ.

## ಆರು ತಿಂಗಳ ನಂತರ

ಆರು ತಿಂಗಳವರೆಗೆ ಗುಂಡು ಗುಂಡಗೆ ಇತ್ತು. ಎಂಟನೇ ತಿಂಗಳಿಂದ ತೂಕ ನಿಂತೇ ಹೋಗಿದೆ. ಏನಾಯಿತು?

ಇದೇ ನನಗೆ ಬರುವ ಅತಿ ಹೆಚ್ಚಿನ ಪ್ರಶ್ನೆ. ಒಂದಿಷ್ಟು ಸಹಜ: ಏರುವ ವೇಗವೇ ತಗ್ಗುತ್ತದೆ, ಮಗು ತೆವಳಲು, ಅಂಬೆಗಾಲಿಡಲು ಶುರು ಮಾಡಿ ಮೈ ಗಟ್ಟಿಯಾಗುತ್ತದೆ. ಆದರೆ ಎರಡು ತಿಂಗಳು ಒಂದು ಗ್ರಾಮೂ ಏರದಿದ್ದರೆ ಕಾರಣ ಬಹುತೇಕ ಬಟ್ಟಲಿನಲ್ಲಿ ಇರುತ್ತದೆ. ಆರು ತಿಂಗಳ ನಂತರ ಎದೆಹಾಲೊಂದೇ ಸಾಲುವುದಿಲ್ಲ. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, ಒಂಬತ್ತರಿಂದ ಹನ್ನೊಂದರಲ್ಲಿ 300, ವರ್ಷದ ಮೇಲೆ 550 ಕ್ಯಾಲೊರಿ ಮೇಲೂಟದಿಂದ ಬರಬೇಕು. ನಮ್ಮ ಮನೆಗಳಲ್ಲಿ ಕೊಡುವುದೇನು? ಬೇಳೆಕಟ್ಟು, ಅನ್ನದ ಗಂಜಿ ತಿಳಿ, ಸಾರಿನ ಮೇಲಿನ ನೀರು, ಎರಡು ಬಿಸ್ಕತ್ತು ಅದ್ದಿದ ಚಹಾ. ಮಗುವಿನ ಹೊಟ್ಟೆ ಚಿಕ್ಕದು, ನೀರಿನಿಂದ ತುಂಬಿಸಿದರೆ ಹಾಲಿಗೂ ಜಾಗವಿಲ್ಲ. ಅನ್ನ ಬೇಳೆಯನ್ನು ಗಟ್ಟಿಯಾಗಿ ಕಿವುಚಿ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಆ ಒಂದು ಚಮಚದಲ್ಲೇ ನಲವತ್ತು ಕ್ಯಾಲೊರಿಗೂ ಹೆಚ್ಚು. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಆರು ತಿಂಗಳಿಂದಲೇ ಕೊಡಬಹುದು. ಮಿಕ್ಸಿಯಲ್ಲಿ ರುಬ್ಬಬೇಡಿ, ಬೆರಳಿನಿಂದ ಕಿವುಚಿದರೆ ಸಾಕು. ಎಂಟು ಒಂಬತ್ತು ತಿಂಗಳಿಗೆ ದಿನಕ್ಕೆ ಮೂರು ಸಲ ಅರ್ಧ ಬಟ್ಟಲು, ವರ್ಷಕ್ಕೆ ಮುಕ್ಕಾಲು ಬಟ್ಟಲು, ನಡುವೆ ಹಣ್ಣು.

ರಾಗಿ ಸರಿ ಕೊಡುತ್ತಲೇ ಇದ್ದೇವೆ, ಆದರೂ ತೂಕವಿಲ್ಲ. ರಾಗಿ ಸರಿಯಿಲ್ಲವೇ?

ರಾಗಿಯಲ್ಲಿ ದೋಷವಿಲ್ಲ, ಅದರ ಕ್ಯಾಲ್ಸಿಯಂಗೆ ಸಾಟಿಯಾದ ಧಾನ್ಯ ನಮ್ಮಲ್ಲಿ ಇನ್ನೊಂದಿಲ್ಲ. ತೊಂದರೆ ಹದದಲ್ಲಿದೆ. ಹಿಟ್ಟು ಬಿಸಿ ನೀರಿನಲ್ಲಿ ಉಬ್ಬಿ ಗಟ್ಟಿಯಾಗುತ್ತದೆ, ಗಂಟಲಿಗೆ ಸಿಕ್ಕೀತೆಂದು ಮತ್ತೆ ನೀರು ಹಾಕುತ್ತಾರೆ. ಕೊನೆಗೆ ಒಂದು ಬಟ್ಟಲಿನಲ್ಲಿ ಇರುವುದು ಒಂದೂವರೆ ಚಮಚ ಹಿಟ್ಟು. ಮೊಳಕೆ ಕಟ್ಟಿಸಿದ ರಾಗಿ ಇದಕ್ಕೆ ಮದ್ದು. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿ ಎಳೆ ಬಂದಾಗ ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಾಗುವುದಿಲ್ಲ, ಅದೇ ಬಟ್ಟಲಿಗೆ ಹಿಟ್ಟು ಹೆಚ್ಚು ಹಿಡಿಯುತ್ತದೆ. ಕಪ್ಪಾಗುವಂತೆ ಹುರಿದರೆ ಆ ಗುಣ ಹೋಗುತ್ತದೆ. ಬೆಂದ ಸರಿಯನ್ನು ಚಮಚದಲ್ಲಿ ಎತ್ತಿ ಓರೆ ಮಾಡಿ: ನಿಧಾನವಾಗಿ ಜಾರಬೇಕು, ಹನಿ ಹನಿಯಾಗಿ ಸುರಿದರೆ ತೆಳುವಾಯಿತು. ಮೇಲೆ ತುಪ್ಪ. ಕರಾವಳಿಯವರು ‘ಮಣ್ಣಿ’ ಎಂಬ ತಿನಿಸಿಗೆ ಹಾಕುವ ತೆಂಗಿನಹಾಲೂ ಆಗುತ್ತದೆ, ಬೆಲ್ಲ ಬೇಡ. ದಿನವಿಡೀ ರಾಗಿಯೊಂದನ್ನೇ ಕೊಡಬೇಡಿ. ಬೇಳೆ, ಮೊಟ್ಟೆ, ತರಕಾರಿ ಇಲ್ಲದೆ ಪ್ರೊಟೀನು, ಕಬ್ಬಿಣ ಸಾಲುವುದಿಲ್ಲ.

ಬಾಯಿಯೇ ತೆರೆಯುವುದಿಲ್ಲ. ಮೊಬೈಲ್ ತೋರಿಸಿದರೆ ಮಾತ್ರ ನಾಲ್ಕು ತುತ್ತು.

ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ತನ್ನ ಹಸಿವು ತನಗೇ ತಿಳಿಯದಂತಾಗುತ್ತದೆ. ಎರಡು ಊಟಗಳ ನಡುವೆ ಬಿಸ್ಕತ್ತು, ರಸ, ಕುರುಕಲು ನಿಲ್ಲಿಸಿ. ಹಸಿವಾಗಲಿ. ಮನೆಯವರ ಜೊತೆ ನೆಲದ ಮೇಲೆ ಕೂರಿಸಿ, ಅದರದೇ ತಟ್ಟೆ ಕೊಟ್ಟು, ಚೆಲ್ಲಲು ಬಿಡಿ. ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು, ಆಮೇಲೆ ತಟ್ಟೆ ತೆಗೆಯಿರಿ. ಮೂಗು ಹಿಡಿದು ತುರುಕುವುದು ಬೇಡವೇ ಬೇಡ. ಹೊಸ ರುಚಿಯನ್ನು ಮಗು ಎಂಟು ಹತ್ತು ಸಲ ಉಗುಳಿ ಆಮೇಲೆ ಒಪ್ಪಿಕೊಳ್ಳುವುದು ಸಾಮಾನ್ಯ. ರಕ್ತಹೀನತೆಯಿಂದಲೂ ಹಸಿವು ಸಾಯುತ್ತದೆ. ಆರು ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣಾಂಶದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರು ಕೊಡುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಮುಚ್ಚಳ ಒಡೆಯದೆ ಕಿಟಕಿಯಲ್ಲಿ ಕೂತಿರುತ್ತದೆ.

ತೂಕ ಏರಿಸುವ ಟಾನಿಕ್ ಬರೆದುಕೊಡಿ.

ಅಂಥದ್ದೊಂದು ಟಾನಿಕ್ ಇಲ್ಲ. ಹಸಿವಿಗೆಂದು ಮಾರುವ ಕೆಲವು ಸಿರಪ್ಪುಗಳಲ್ಲಿ ನಿದ್ದೆ ಬರಿಸುವ ಅಲರ್ಜಿ ಔಷಧಿ ಇರುತ್ತದೆ. ನೂರಾರು ರೂಪಾಯಿಯ ಮಾಲ್ಟ್ ಪುಡಿಯಲ್ಲಿ ಸಕ್ಕರೆಯ ಪಾಲು ದೊಡ್ಡದು. ಅಂಗನವಾಡಿಯಿಂದ ಮನೆಗೆ ಕೊಡುವ ಪೌಷ್ಟಿಕ ಪುಡಿಯನ್ನು ದನಕ್ಕೆ ಹಾಕದೆ ಮಗುವಿಗೇ ಕೊಟ್ಟರೆ ಅದಕ್ಕಿಂತ ಮೇಲು.

ಜ್ವರ, ಭೇದಿ ಬಂದು ಹೋದ ಮೇಲೆ ಅರ್ಧ ಕೆಜಿ ಇಳಿದಿದೆ. ಎಷ್ಟು ದಿನದಲ್ಲಿ ಮರಳುತ್ತದೆ?

ಭೇದಿಯ ದಿನಗಳಲ್ಲಿ ಎದೆಹಾಲು, ಊಟ ನಿಲ್ಲಿಸದಿದ್ದರೆ ಬೇಗ ಮರಳುತ್ತದೆ. ಹೊಟ್ಟೆಗೆ ಬಿಡುವು ಕೊಡುವ ಪಥ್ಯದಿಂದ ಮಗು ಎರಡು ಪಟ್ಟು ಸೊರಗುತ್ತದೆ. ಓಆರ್‌ಎಸ್ ಜೊತೆಗೆ ಸತು ಮಾತ್ರೆಯನ್ನು ಹದಿನಾಲ್ಕು ದಿನ ಪೂರ್ತಿ ಕೊಡಿ, ಭೇದಿ ಮೂರೇ ದಿನಕ್ಕೆ ನಿಂತರೂ ಸರಿ. ಆರು ತಿಂಗಳು ದಾಟಿದ ಮಗುವಿಗೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಹಾಕಿ. ಆಗ ಮಗುವಿಗೆ ಹಸಿವೂ ಹೆಚ್ಚಿರುತ್ತದೆ.

## ಸ್ವಲ್ಪ ಆಳದ ಪ್ರಶ್ನೆಗಳು

ಏಳು ತಿಂಗಳಿಗೇ ಹುಟ್ಟಿದ ಮಗು, 1.6 ಕೆಜಿ ಇತ್ತು. ಈಗ ಐದು ತಿಂಗಳು, ಕಾರ್ಡಿನಲ್ಲಿ ಕಿತ್ತಳೆಯಲ್ಲಿದೆ.

ವಯಸ್ಸಿನ ಲೆಕ್ಕ ಸರಿಪಡಿಸಿದ ಮೇಲೆ ನೋಡಿ. 40 ವಾರಕ್ಕೆ ಹುಟ್ಟಬೇಕಾದ ಮಗು 32ಕ್ಕೆ ಹುಟ್ಟಿದ್ದರೆ ಎಂಟು ವಾರ ಮುಂಚೆ. ಐದು ತಿಂಗಳ ಆ ಮಗುವಿನ ಚುಕ್ಕೆಯನ್ನು ಮೂರು ತಿಂಗಳಿನ ಮೇಲೆ ಇಡಬೇಕು. ಎರಡು ವರ್ಷದವರೆಗೂ ಹೀಗೆಯೇ. ಕೂರುವುದು, ನಿಲ್ಲುವುದಕ್ಕೂ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಮನೆಯಲ್ಲಿ ಮಗುವನ್ನು ಬರಿಮೈಯಲ್ಲಿ ಎದೆಗೆ ಅಪ್ಪಿಸಿಕೊಂಡಿರುವ ಕಾಂಗರೂ ಆರೈಕೆಯಿಂದ ಮೈ ಬಿಸಿಯಾಗಿದ್ದು, ಮಗು ಹೆಚ್ಚು ಹಾಲು ಕುಡಿದು ತೂಕ ಏರುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಜಿಲ್ಲೆಯ ಮಟ್ಟದಲ್ಲಿ ಜಾರಿಗೆ ತಂದು ನೋಡಿದ್ದಾರೆ. ತಂದೆಯೂ, ಅಜ್ಜಿಯೂ ಮಾಡಬಹುದು. ಇಂಥ ಮಕ್ಕಳಿಗೆ ಕಬ್ಬಿಣ, ವಿಟಮಿನ್ ಡಿ ಹನಿಗಳು ಬೇಗನೆ ಬೇಕಾಗುತ್ತವೆ, ಅಳತೆಯನ್ನು ವೈದ್ಯರೇ ಹೇಳಬೇಕು.

ಊಟ, ಹಾಲು ಎಲ್ಲ ಸರಿಯಿದೆ, ಆದರೂ ಏರುವುದಿಲ್ಲ. ಒಳಗೆ ಕಾಯಿಲೆ ಇರಬಹುದೇ?

ಇರಬಹುದು, ಆದರೆ ಅಂಥ ಮಕ್ಕಳು ಕಡಿಮೆ. ಹಾಲು ಕುಡಿಯುವಾಗ ಹಣೆ ಬೆವರುವುದು, ಏದುಸಿರು, ನಡುನಡುವೆ ನಿಲ್ಲಿಸುವುದು ಹೃದಯದ ತೊಂದರೆಯ ಗುರುತು. ಮೂರರಿಂದ ಆರು ವಾರದ ಕೂಸು ಪ್ರತಿ ಸಲ ಕುಡಿದ ಮೇಲೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ ಮತ್ತೆ ಹಸಿದರೆ ಜಠರದ ಬಾಯಿ ಕಟ್ಟಿರಬಹುದು. ಎರಡು ವಾರ ದಾಟಿದರೂ ಕಾಮಾಲೆ ಇದ್ದು ಮಲ ಸುಣ್ಣದಂತೆ ಬೆಳ್ಳಗಿದ್ದರೆ ಒಂದು ದಿನವೂ ತಡಮಾಡಬಾರದು, ಪಿತ್ತನಾಳದ ಶಸ್ತ್ರಚಿಕಿತ್ಸೆಗೆ ಮೊದಲ ಎರಡು ತಿಂಗಳು ಬಹಳ ಮುಖ್ಯ. ಮತ್ತೆ ಮತ್ತೆ ಜ್ವರ ಬಂದರೆ ಮೂತ್ರ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ ಆಗದಿದ್ದರೆ ಈಗ ಮಾಡಿಸಿ. ಎರಡು ತಿಂಗಳೊಳಗಿನ ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಜ್ವರ ಬಂದರೆ ಅದು ತೂಕದ ಪ್ರಶ್ನೆಯಲ್ಲ, ಆ ಕ್ಷಣವೇ ಆಸ್ಪತ್ರೆ.

ಮಗು ದುಂಡಗಿದೆ, ತೂಕವೂ ಸರಿಯಿದೆ. ಆದರೆ ನಗುತ್ತಿದ್ದದ್ದು ನಗುವುದಿಲ್ಲ, ಕೂರುತ್ತಿದ್ದದ್ದು ಕೂರುವುದಿಲ್ಲ.

ತೂಕ ಸರಿಯಿದೆ ಎಂದು ವಾಪಸು ಕಳುಹಿಸಿದರೆ ಒಪ್ಪಬೇಡಿ. ತಾಯಿ ಮಾಂಸ, ಮೊಟ್ಟೆ ಮುಟ್ಟದವರಾಗಿ, ಹಾಲು ಮೊಸರೂ ಕಡಿಮೆಯಿದ್ದು, ಮಗು ಎಂಟು ಹತ್ತು ತಿಂಗಳಾದರೂ ಎದೆಹಾಲಿನ ಮೇಲೆಯೇ ಇದ್ದರೆ ವಿಟಮಿನ್ ಬಿ12 ಕೊರತೆಯ ಅನುಮಾನ ಬರಬೇಕು. ಬಿಳಿಚಿದ ಮುಖ, ತೆಳ್ಳಗೆ ಕೆಂಚಾದ ಕೂದಲು, ಬೆರಳ ಗೆಣ್ಣುಗಳ ಮೇಲೆ ಕಪ್ಪು, ಕಲಿತದ್ದನ್ನು ಮರೆಯುವುದು, ಕೆಲವರಲ್ಲಿ ಕೈ, ತಲೆ ನಡುಗುವುದು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬಿ12 ಕೊಟ್ಟ ಕೆಲವೇ ದಿನಗಳಲ್ಲಿ ಮಗು ಮುಖ ನೋಡಿ ನಗಲು ಶುರು ಮಾಡುತ್ತದೆ. ತಡವಾದಷ್ಟೂ ಮಿದುಳಿಗೆ ನಷ್ಟ. ತಾಯಿಗೂ ಚಿಕಿತ್ಸೆ ಬೇಕು.

ನಮ್ಮದು ಉಲ್ಟಾ ಪ್ರಶ್ನೆ, ಮಗು ತೀರಾ ದಪ್ಪ.

ಎದೆಹಾಲು ಮಾತ್ರ ಕುಡಿಯುವ ಐದು ತಿಂಗಳ ಮಗು ತೊಡೆಯ ಮೇಲೆ ಮೂರು ಮಡಿಕೆ ಇಟ್ಟುಕೊಂಡಿದ್ದರೆ ಸುಮ್ಮನಿರಿ, ನಡೆಯುವ ಹೊತ್ತಿಗೆ ಕರಗುತ್ತದೆ. ಬಾಟಲಿಯಲ್ಲಿ ಗಟ್ಟಿ ಹಾಲು, ಸಕ್ಕರೆ, ಅತ್ತಾಗಲೆಲ್ಲ ಬಾಟಲಿ ಎಂಬ ಅಭ್ಯಾಸವಿದ್ದರೆ ಅದನ್ನು ತಿದ್ದಬೇಕು.

ತೋಳು ಅಳೆದು ‘ತೀವ್ರ ಅಪೌಷ್ಟಿಕತೆ’ ಎಂದು ಬರೆದರು. ಎನ್‌ಆರ್‌ಸಿಗೆ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಸೇರಿಸಿ ಎನ್ನುತ್ತಾರೆ. ಕೂಲಿ ಬಿಟ್ಟು ಹದಿನಾಲ್ಕು ದಿನ ಹೇಗೆ ಇರಲಿ?

ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎತ್ತರಕ್ಕೆ ತಕ್ಕ ತೂಕ ತೀರಾ ಕೆಳಗಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಇದ್ದರೆ ಹಾಗೆ ಬರೆಯುತ್ತಾರೆ. ಹಸಿವಿದ್ದು, ಚುರುಕಾಗಿದ್ದು, ಬೇರೆ ಕಾಯಿಲೆ ಇಲ್ಲದಿದ್ದರೆ ಮನೆಯಲ್ಲಿಯೇ ಇದ್ದು ವಾರ ವಾರ ತೋರಿಸಬಹುದೇ ಎಂದು ಕೇಳಿ. ಹಸಿವೇ ಇಲ್ಲದ, ಜ್ವರ, ಭೇದಿ, ಬಾವು ಇರುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯ. ಮನೆಯವರು ಪ್ರೀತಿಯಿಂದ ಒಮ್ಮೆಲೇ ತುಂಬಾ ತಿನ್ನಿಸಿದರೂ ಅದರ ಮೈ ತಡೆಯುವುದಿಲ್ಲ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಮೊದಲು ಕಡಿಮೆ ಶಕ್ತಿಯ ಹಾಲನ್ನು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಮೈ ಸುಧಾರಿಸಿದ ಮೇಲೆ ಶಕ್ತಿ ಹೆಚ್ಚಿಸುತ್ತಾರೆ. ಸೇರಿದಾಗಿನ ತೂಕಕ್ಕಿಂತ ಶೇ 15ರಷ್ಟು ಏರಿಸುವುದು ಗುರಿ. 6 ಕೆಜಿ ಮಗುವಿಗೆ 900 ಗ್ರಾಂ.

ಜೊತೆಗಿರುವ ತಾಯಿಗೆ ಊಟವಿದೆ, ಕಳೆದುಕೊಂಡ ಕೂಲಿಗೆ ದಿನದ ಲೆಕ್ಕದಲ್ಲಿ ಹಣವೂ ಇದೆ. ಎಷ್ಟು, ಯಾವಾಗ ಎಂದು ಸೇರುವ ದಿನವೇ ಕೇಳಿ ಬರೆಸಿಕೊಳ್ಳಿ. ತಾಯಿ ಕಾರ್ಡ್, ಆಧಾರ್, ನಿಮ್ಮ ಹೆಸರಿನ ಪಾಸ್‌ಬುಕ್ ಒಯ್ಯಿರಿ. ಹಿರಿಯ ಮಗುವನ್ನು ಬಿಟ್ಟು ಬರಲು ಯಾರೂ ಇಲ್ಲದಿದ್ದರೆ ಹೊರಡುವ ಮುನ್ನವೇ ಆಶಾ ಕಾರ್ಯಕರ್ತೆಯ ಮೂಲಕ ಫೋನ್ ಮಾಡಿಸಿ ಹೇಳಿ. ಬಿಡುಗಡೆಯಾದ ಮೇಲೆ ಮತ್ತೆ ತೋರಿಸಲು ಕೊಟ್ಟ ತಾರೀಖುಗಳನ್ನು ಕಾರ್ಡಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ, ಏಕೆಂದರೆ ಗೆದ್ದ ತೂಕ ಮತ್ತೆ ಇಳಿಯುವುದು ಮನೆಗೆ ಬಂದ ಮೊದಲ ಎರಡು ತಿಂಗಳಲ್ಲಿ.